ಬೇಟೆ ಬೇಕೆಂದ ನರಿ

ಸಂಕ್ರಾಂತಿಗೆ ನರಿ ಹಿಡಿದು, ಮುಖ ನೋಡಿ ಬಿಡುವ ನಮ್ಮೂರಿನ ಬೇಟೆ ನನ್ನ ಅರ್ಜಿಯಿಂದಲೇ ನಿಂತಿತ್ತು. ಮತ್ತೆ ಶುರುಮಾಡಬೇಕೇ ಎಂದು ಇಂದು ಗ್ರಾಮಸಭೆ. ನರಿಗಳ ಪರವಾಗಿ ಒಂದು ಮುದಿ ನರಿ ಬಂದಿತ್ತು. ಅಧ್ಯಕ್ಷೆ ಪುಟ್ಟಗೌರಮ್ಮ ಅದರ ಮುಂದೆ ತಟ್ಟೆಯಲ್ಲಿ ನೀರಿಟ್ಟು, "ಹೆದರ್ಕೋಬ್ಯಾಡಪ್ಪ, ಹೇಳು," ಎಂದರು.

"ಬೇಟೆ ಇರ್ಲಿ ಕಣಮ್ಮ. ನಮ್ಮನ್ನ ಹಿಡಿಯಾಕಂತ ಕುರುಚಲು ಕಾಡು ಉಳಿಸಿದ್ರಿ. ಬೇಟೆ ನಿಂತ್ಮೇಲೆ ಅದ್ನೂ ಸೈಟು ಮಾಡ್ತಾವ್ರೆ."

"ಬೇಟೇಲಿ ಪ್ರಾಣ ಹೋದ್ರೆ?" ಎಂದು ನಾನು ಕೇಳಿದೆ.

"ಕೊನೇ ಬೇಟೇಲಿ ನನ್ನ ಮಗಳೇ ಹೋದ್ಲು ಟೀಚರಮ್ಮ. ಕಾಡಿದ್ರೆ ಮೊಮ್ಮಕ್ಕಳಾದ್ರೂ ಉಳೀತಾವೆ."

ಬೇಟೆ ಬೇಕೆನ್ನುವವರು ಕೈ ಎತ್ತಿ ಎಂದರು ಅಧ್ಯಕ್ಷೆ. ಊರೆಲ್ಲ ಎತ್ತಿತು, ನರಿಯೂ ಮುಂಗಾಲು ಎತ್ತಿತು. ನನ್ನ ಕೈ ಅರ್ಧಕ್ಕೆ ಎದ್ದು ಅಲ್ಲೇ ನಿಂತಿತು.

ನರಿ ನನ್ನತ್ತ ಬಾಗಿ, "ಭುಜ ನೋಯ್ತದಾ ಟೀಚರಮ್ಮ?" ಎಂದು ಮೆಲ್ಲಗೆ ಕೇಳಿತು.

ಹೌದು ಎಂದೆ.