ಹೋಳಿಗೆ ಕಚ್ಚಿದ ಹಲ್ಲುಸೆಟ್ಟು

ಹಿಂದೆ ಗಂಟಲಿಗಂಟಿ ರೋಗ ತರುತ್ತಿದ್ದ ಬ್ಯಾಕ್ಟೀರಿಯಾಗಳನ್ನು ಪಳಗಿಸಿ ಜನ ಚಪ್ಪಲಿಗೆ, ಚಾವಣಿಗೆ, ಹಲ್ಲುಸೆಟ್ಟಿಗೆ ಅಂಟಾಗಿ ಬಳಸುತ್ತಿದ್ದ ಕಾಲವದು. ಅವುಗಳ ಮೈತುಂಬ ಪ್ರೋಟೀನಿನ ಕೊಕ್ಕೆಗಳು. ಹಿಡಿದವೆಂದರೆ, ಆನೆ ಜಗ್ಗಿದರೂ ಆನೆಯ ಸೊಂಡಿಲೇ ಕಿತ್ತು ಬರಬೇಕು! ಸಿಹಿ ಮಾತ್ರ ಸೋಕಬಾರದು. ಸೋಕಿದರೆ ಒಂದಕ್ಕೊಂದು ತೆಕ್ಕೆಬಿದ್ದು ಲೋಳೆಯ ಕೋಟೆಯನ್ನೇ ಕಟ್ಟುತ್ತಿದ್ದವು. ಆಮೇಲೆ ಹುಣಸೆಹುಳಿ ಬಿದ್ದರಷ್ಟೇ ಬಿಡುಗಡೆ.

ರಾಣೆಬೆನ್ನೂರಿನ ಚನ್ನವೀರಪ್ಪ ಬಾಯಿ ತೆರೆದರೆ ಅವನ ಎರಡೆಕರೆ ಹೊಲ ಮೂರು ಜಿಲ್ಲೆಗೆ ಹಬ್ಬುತ್ತಿತ್ತು. ಆ ಬಾಯಿಂದಲೇ ಮಗಳಿಗೆ ಬಂದ ಸಂಬಂಧಗಳೆಲ್ಲ ಮುರಿದಿದ್ದವು. ಇಂದೂ ಗಂಡಿನ ಕಡೆಯವರ ಜೊತೆ ಊಟಕ್ಕೆ ಕೂತು, "ನಮ್ಮ ಹೊಲದಾಗ..." ಎಂದು ಶುರುಮಾಡಿದವನು ಮಾತಿನ ಭರದಲ್ಲಿ ಹೋಳಿಗೆ ಕಚ್ಚಿಬಿಟ್ಟ. ಅವನ ಮೇಲಿನ ಹಲ್ಲುಸೆಟ್ಟು ಕೆಳಗಿನದಕ್ಕೆ ಬೆಸೆದುಹೋಯಿತು.

ಹುಳಿಸಾರು ತಾ ಎಂದು ಹೆಂಡತಿ ನೀಲವ್ವನಿಗೆ ಕೈಸನ್ನೆ ಮಾಡಿದ. ಅವಳಿಗೆ ಒಂದೇ ನೋಟಕ್ಕೆ ಎಲ್ಲ ತಿಳಿಯಿತು.

"ಯಾಕ್ರೀ ಯಜಮಾನ್ರ, ಸುಮ್ಮನಾದ್ರಿ?" ಎಂದರು ಗಂಡಿನ ತಂದೆ.

"ಅವರು ಮೊದಲಿಂದ್ಲೂ ಹಂಗ್ರೀ, ಮಾತು ಭಾಳ ಕಮ್ಮಿ," ಎಂದಳು ನೀಲವ್ವ. ಚನ್ನವೀರಪ್ಪನ ಕಣ್ಣುಗುಡ್ಡೆಗಳು ತಟ್ಟೆಗೆ ಬೀಳುವುದೊಂದು ಬಾಕಿ.

"ಇಂಥಾ ಗಂಭೀರ ಬೀಗರು ಸಿಗಾಕ ಪುಣ್ಯ ಮಾಡಿರಬೇಕ್ರಿ!" ಎಂದು ಅವರು ಅಲ್ಲೇ ಒಪ್ಪಿಗೆ ಕೊಟ್ಟರು.

ಚನ್ನವೀರಪ್ಪ ಮತ್ತೆ ಒಲೆಯತ್ತ ಬೆರಳು ತೋರಿಸಿದ. ಸಾರು ಊರಿಗೆಲ್ಲ ಕೇಳುವಂತೆ ಕೊತಕೊತ ಕುದಿಯುತ್ತಿತ್ತು.

"ಇನ್ನೂ ಕುದ್ದಿಲ್ರೀ," ಎಂದಳು ನೀಲವ್ವ ಅವನ ಕಿವಿಯಲ್ಲಿ. "ಮಗಳಿಗೆ ತಾಳಿ ಕಟ್ಟೂ ಹೊತ್ತಿಗೆ ಕುದೀತೈತಿ."