ನಾಲ್ಕನೆಯ ಘಟನೆ

ಮನಶ್ಶಾಸ್ತ್ರದ ಆ ಸಂಶೋಧಕಿ ತನ್ನ ಪ್ರಯೋಗಕ್ಕೆ ಬರುತ್ತಿದ್ದ ವ್ಯಕ್ತಿಗೆ ನಿಜವನ್ನು ಹೋದ ವಾರವೇ ಹೇಳಬೇಕಿತ್ತು. ನಿಯಮ ಇದ್ದದ್ದೇ ಹಾಗೆ. ಆದರೆ ಅವಳ ಗೈಡ್, "ನೆನಪು ಈಗ ತಾನೇ ಬೇರು ಬಿಡ್ತಾ ಇದೆ, ಇನ್ನೊಂದು ವಾರ ತಡಿಯಮ್ಮ" ಎಂದಿದ್ದರು. ಅವಳು ತಡೆದಿದ್ದಳು.

ಇಂದು ಅವನು ಹೇಳಿದ ಹೊತ್ತಿಗೆ ಸರಿಯಾಗಿ ಬಂದು ಅದೇ ಕುರ್ಚಿಯಲ್ಲಿ ಕುಳಿತ. ಅವನ ಬಾಲ್ಯದ ನಾಲ್ಕು ಘಟನೆಗಳನ್ನು ಬರೆದಿದ್ದ ಹಾಳೆಯನ್ನು ಅವಳು ಮುಂದಿಟ್ಟಳು.

"ಇದರಲ್ಲಿ ಮೊದಲ ಮೂರನ್ನ ನಿಮ್ಮಕ್ಕನ ಹತ್ರ ಕೇಳಿ ಬರ್ಕೊಂಡಿದ್ದು. ನಾಲ್ಕನೇದು, ಐದು ವರ್ಷದವರಿದ್ದಾಗ ನಿಮ್ಮನ್ನ ಯಾರೋ ಗೋದಾಮಲ್ಲಿ ಕೂಡಿಹಾಕಿದ್ದು... ಅದನ್ನ ನಾವೇ ಸೇರಿಸಿದ್ದು."

"ಸೇರಿಸಿದ್ದು ಅಂದ್ರೆ?"

"ಅದು ನಡೆದೇ ಇಲ್ಲ. ಇಲ್ಲದ್ದನ್ನ ಮನಸ್ಸು ಹೇಗೆ ನೆನಪು ಮಾಡ್ಕೊಳ್ಳುತ್ತೆ ಅಂತ ನೋಡೋದೇ ನಮ್ಮ ಸಂಶೋಧನೆ. ದಯವಿಟ್ಟು ಕ್ಷಮಿಸಿ."

ಮೊದಲ ಸಲ ಕೇಳಿದಾಗ ಅಂಥದ್ದೇನೂ ನೆನಪಿಲ್ಲ ಎಂದು ನಕ್ಕವನು ಇವನೇ. ಎರಡನೆಯ ಸಲ ಅವನಿಗೆ ಗೋಣಿಚೀಲಗಳ ವಾಸನೆ ನೆನಪಾಗಿತ್ತು. ಮೂರನೆಯ ಸಲ, ಹೊರಗಿನಿಂದ ಚಿಲಕ ಹಾಕಿದ ಸೋದರಮಾವನ ಮುಖ. ಅಂದು ಅವಳು ಖುಷಿಯಿಂದ ಆ ಮಾತಿನಡಿ ಎರಡು ಗೆರೆ ಎಳೆದಿದ್ದಳು.

ಅವನು ಹಾಳೆಯನ್ನು ನಾಲ್ಕಾಗಿ ಮಡಚಿದ. ಅವನ ಮುಂಗೈ ತುಂಬ ಉಗುರಿನ ಗೀರುಗಳಿದ್ದವು. ಅವಳು ಅವನ್ನು ಗಮನಿಸಿದ್ದು ಆಗಷ್ಟೇ.

"ನಿಮಗೆ ಸಿಟ್ಟು ಬಂದಿದ್ರೆ ನನ್ನನ್ನ ಬೈದುಬಿಡಿ," ಎಂದಳು. "ಆದ್ರೆ ಅದು ಸುಳ್ಳು ಅಂತ ನಂಬಿ."

"ಸುಳ್ಳು ಅಂತ ಮಾವನೂ ಹೇಳ್ತಾನೇ ಇದ್ದ ಮೇಡಂ, ಉಸಿರು ನಿಲ್ಲೋ ತನಕ."