ಹುಲಿಗೆಮ್ಮನ ಒಂದು ಮೊಳ

ಕನ್ನಡದಲ್ಲಿ ನಾವು ಅತಿ ಹೆಚ್ಚು ಹೇಳುವ ಸುಳ್ಳು ಯಾವುದು ಗೊತ್ತೇ? "ಪರವಾಗಿಲ್ಲ"...

ನಾನೂ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ನೀವೂ ಏನು ಕಡಿಮೆ ಇಲ್ಲ ಬಿಡಿ.

ಹೊಸಪೇಟೆಯಲ್ಲಿ ಮೂವತ್ತು ವರ್ಷ ಹೂ ಕಟ್ಟಿ ಮಾರಿದ ಹುಲಿಗೆಮ್ಮನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ನಾಲ್ಕು ತಿಂಗಳಿಂದ ಆಸ್ಪತ್ರೆಗೆ ಫಿಸಿಯೋಥೆರಪಿಗೆ ಬರುತ್ತಿದ್ದಳು.

ಅಲ್ಲಿನ ಥೆರಪಿಸ್ಟ್ ತಸ್ನೀಮ್ ವಾರಕ್ಕೊಮ್ಮೆ ಫಾರಂ ಹಿಡಿದು ಕೇಳುತ್ತಿದ್ದಳು. ಊಟ ಮಾಡುವಾಗ ಕೈ ಹೇಗಿದೆ? ತಲೆ ಬಾಚುವಾಗ? ಸೀರೆ ಉಡುವಾಗ?

ಎಲ್ಲದಕ್ಕೂ ಒಂದೇ ಉತ್ತರ... "ಪರವಾಗಿಲ್ರೀ ಮೇಡಂ."

ತಸ್ನೀಮ್ "ಚೆನ್ನಾಗಿದೆ" ಎಂದು ಟಿಕ್ ಹಾಕುತ್ತಿದ್ದಳು.

ಹತ್ತಕ್ಕೆ ಒಂಬತ್ತು ಅಂಕ ಬಂತು. ದೊಡ್ಡ ಡಾಕ್ಟರ್ ಫಾರಂ ನೋಡಿ, "ಇವರಿಗೆ ಇನ್ನು ಥೆರಪಿ ಬೇಡ. ಮುಂದಿನ ವಾರ ನಿಲ್ಲಿಸಿಬಿಡಿ" ಎಂದರು.

ಆ ದಿನ ತಸ್ನೀಮ್ ಮುಡಿದಿದ್ದ ಮಲ್ಲಿಗೆ ದಂಡೆಯ ಗಂಟು ಬಿಚ್ಚಿತ್ತು. "ಅಮ್ಮಾ, ಇದಕ್ಕೊಂದು ಗಂಟು ಹಾಕಿಕೊಡ್ರಿ" ಎಂದು ನಗುತ್ತಾ ಕೊಟ್ಟಳು.

ಹುಲಿಗೆಮ್ಮ ದಾರ ಹಿಡಿದಳು... ಬೆರಳು ಮಾತು ಕೇಳಲಿಲ್ಲ... ಹೂಗಳು ಒಂದೊಂದಾಗಿ ಮಡಿಲಿಗೆ ಉದುರಿದವು.

ಅವಳು ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

"ಮತ್ತ ಪ್ರತಿಸಲ ಪರವಾಗಿಲ್ಲ ಅಂತ ಯಾಕ ಹೇಳಿದ್ರಿ?" ಎಂದು ತಸ್ನೀಮ್ ಕೇಳಿದಳು.

"ಸರಿ ಇಲ್ಲ ಅಂದ್ರ ದೊಡ್ಡ ಡಾಕ್ಟ್ರು ನಿಮಗ ಬೈತಾರಲ್ಲವ್ವ... ಇಷ್ಟು ಕಷ್ಟಪಟ್ಟು ನೋಡ್ತೀರಿ. ನನ್ನಿಂದ ನಿಮಗ್ಯಾಕ ಕೆಟ್ಟ ಹೆಸರು?"

ತಸ್ನೀಮ್‌ಳ ಕಣ್ಣು ತುಂಬಿ ಬಂತು. ತಾನು ಈಕೆಯನ್ನು ನೋಡಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದಳು... ಈಕೆಯೇ ತನ್ನನ್ನು ಕಾಯುತ್ತಿದ್ದಳು.

"ಅಂಕ ಬಿಡ್ರಿ ಅಮ್ಮ. ನಿಮ್ಮ ಪ್ರಕಾರ ಕೈ ಆರಾಮ ಆಗೋದು ಅಂದ್ರ ಏನು?"

"ಒಂದು ಮೊಳ ಮಲ್ಲಿಗಿ ಕಟ್ಟೋದ್ರೀ."

ತಸ್ನೀಮ್ ಹಳೆಯ ಟಿಕ್‌ಗಳನ್ನೆಲ್ಲ ಹೊಡೆದುಹಾಕಿ ಬರೆದಳು. ಗುರಿ, ಒಂದು ಮೊಳ. ಇವತ್ತು, ಸೊನ್ನೆ. ಡಾಕ್ಟರ್ ಅದನ್ನು ಎರಡು ಸಲ ಓದಿ, "ಮುಂದುವರಿಸಿ" ಎಂದರು.

ರಬ್ಬರ್ ಚೆಂಡಿನ ಪಕ್ಕದಲ್ಲಿ ಈಗ ದಾರ, ಹೂ ಬಂದವು. ಮೊದಲ ವಾರ ಮೂರೇ ಹೂ... ಆಮೇಲೆ ಒಂದು ಗೇಣು... ಒಮ್ಮೆ ಮತ್ತೆ ಹಿಂದಕ್ಕೆ.

"ಇವತ್ತು ಆಗವಲ್ದವ್ವ, ಬೆರಳು ಬಿಗಿದಾವ" ಎಂದಳು ಹುಲಿಗೆಮ್ಮ. ಆ ಮಾತು ಕೇಳಿ ತಸ್ನೀಮ್‌ಗೆ ಒಂಬತ್ತು ಅಂಕಕ್ಕಿಂತ ಹೆಚ್ಚು ಖುಷಿಯಾಯಿತು.

ಮೂರು ತಿಂಗಳ ನಂತರ ಹುಲಿಗೆಮ್ಮ ಒಂದು ಎಲೆಯ ಪೊಟ್ಟಣ ತಂದಳು. ಒಳಗೆ ಮಲ್ಲಿಗೆ ದಂಡೆ. ಅಲ್ಲಲ್ಲಿ ಗಂಟು ಸಡಿಲ.

ಅದೇ ಬಲಗೈಯನ್ನು ನಿಧಾನವಾಗಿ ಚಾಚಿ, ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದಳು.

"ನಾಕು ಬೆರಳು ಕಮ್ಮಿ ಐತ್ರಿ. ಮಾರುವಾಗ ಇದನ್ನ ಒಂದು ಮೊಳ ಅಂತಿದ್ದೆ... ನಿಮ್ಮ ಫಾರಂನಾಗ ಮಾತ್ರ ಖರೇ ಬರೀರಿ."

ತಸ್ನೀಮ್ ನಗುತ್ತಾ, ಅಳುತ್ತಾ ಬರೆದಳು... "ಒಂದು ಮೊಳಕ್ಕೆ ನಾಲ್ಕು ಬೆರಳು ಕಡಿಮೆ."

*ಒಬ್ಬರ ನೋವನ್ನು ಅಳೆಯುವ ಮೊಳ ಅವರ ಕೈಯಲ್ಲೇ ಇರುತ್ತದೆ.*

ನಿಮ್ಮ ಮನೆಯಲ್ಲಿ "ಪರವಾಗಿಲ್ಲ" ಎಂದವರನ್ನು ಪಕ್ಕದಲ್ಲಿ ಕೂತು ನೀವು ಇನ್ನೊಮ್ಮೆ ಕೇಳಿದ್ದು ಯಾವಾಗ?